ಹಳದಿ ಪಟ್ಟಿಯಿಂದ ಮೇಲೆ

ಮೊದಲ ಕಟ್ಟಿನ ಮೇಲಿದ್ದ ಲಕೋಟೆಯನ್ನು ಜೋಸತೆಕಿ ಅಂಟು ಹಚ್ಚದೆ ಬರಿಗೈಯಲ್ಲೇ ಮಡಿಸಿದ. ಎಡದ ಕಿವಿ, ಬಲದ ಕಿವಿ, ಕೆಳಗಿನದು, ಕೊನೆಗೆ ಮೇಲಿನ ಮುಚ್ಚಳ. ಹೆಬ್ಬೆರಳಿನ ಉಗುರಿನಿಂದ ಮಡಿಕೆಗಳನ್ನು ಎಳೆದು, ಮಗುಚಿ, ಬೆನ್ನು ನೋಡಿದ. ಕೂಡಿತ್ತು. ನಾಲ್ಕು ದಿಕ್ಕಿನಿಂದ ಬಂದ ಕಂದು ತ್ರಿಕೋನಗಳು ನಡುವೆ ಸಂಧಿಸಿ, ಒಂದು ಕಿವಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳಲಾಗದ ಹಾಗೆ ಒಂದೇ ನಕ್ಷತ್ರವಾಗಿದ್ದವು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊರಗೆ ವಾಲು ಕೊಲ್ಲಿಯ ಮೇಲೆ ಮಳೆ ಸುರಿಯುತ್ತಿತ್ತು. ಸುವಾ ಪಟ್ಟಣದಲ್ಲಿ ಅದು ಸುದ್ದಿಯಲ್ಲ. ಬ್ಯಾಂಕಿನ ಲಕೋಟೆ, ಸಕ್ಕರೆ ಕಂಪನಿಯ ಲಕೋಟೆ, ಚುನಾವಣೆಯ ಲಕೋಟೆ, ಎಲ್ಲವನ್ನೂ ಇದೇ ಕೈ ಕತ್ತರಿಸಿತ್ತು. ಅವುಗಳ ಮೇಲೆ ಮೂಲೆಯಲ್ಲೊಂದು ಹೆಸರು, ಒಂದು ಗುರುತು ಇರುತ್ತಿತ್ತು, ಅಷ್ಟೆ. ಇದು ಹಾಗಲ್ಲ. ಇದರಲ್ಲಿ ಬಿಳಿ ಜಾಗವೇ ಇರಲಿಲ್ಲ. ಅಂಚಿನಿಂದ ಅಂಚಿಗೆ ತುಂಬಿದ ಚಿತ್ರ, ಮಡಿಕೆಯನ್ನು ದಾಟಿ ಬೆನ್ನಿಗೆ ಹೋಗಿ ತನ್ನ ಉಳಿದರ್ಧವನ್ನು ಹುಡುಕಿಕೊಳ್ಳುತ್ತಿತ್ತು. ಚಪ್ಪಟೆಯಾಗಿ ಬಿದ್ದಿದ್ದಾಗಲೇ ಈ ಹಾಳೆಗೆ ತಾನು ಮುಂದೆ ಹೇಗೆ ಮಡಿಯುತ್ತೇನೆಂದು ಗೊತ್ತಿತ್ತಲ್ಲ ಎಂದುಕೊಂಡ. ಹಾಳೆಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಕೆಲೆರಾಗೆ. ಅವಳು ಗೋಡೆಯ ಆಚೆ ಮುದ್ರಣ ಯಂತ್ರದ ಬಳಿ ಇದ್ದಳು. ಅವನ ತಂಗಿ. ನಕ್ಷೆ ಮಾತ್ರ ಅವಳದಲ್ಲ, ಅಮ್ಮನದು.

ಮೋದೆ ದ್ವೀಪದ ಮನೆಯ ಹಿಂದೆ ಅಮ್ಮ ಮರದ ಒಳತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡುವುದನ್ನು ಅವರಿಬ್ಬರೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಆ ಬಟ್ಟೆಗೆ ಮಾಸಿ ಎನ್ನುತ್ತಿದ್ದರು. ಎರಡು ತುಂಡನ್ನು ಒಂದರ ಮೇಲೊಂದು ಇಟ್ಟು ಬಡಿದರೆ ಒಂದೇ ಆಗುತ್ತಿತ್ತು. ಆಮೇಲೆ ಆಸ್ಪತ್ರೆಯಿಂದ ಯಾರೋ ತಂದುಕೊಟ್ಟ ಹಳೆಯ ಎಕ್ಸ್‌ರೇ ಹಾಳೆಯಲ್ಲಿ, ಗುರುತಿಲ್ಲದ ಯಾರದೋ ಪಕ್ಕೆಲುಬುಗಳ ನಡುವೆ, ಅಮ್ಮ ಚಾಕುವಿನಿಂದ ತ್ರಿಕೋನಗಳನ್ನು ಕೊರೆಯುತ್ತಿದ್ದಳು. ಆ ಕಿಂಡಿಗಳ ಮೂಲಕ ಕೆಮ್ಮಣ್ಣಿನ ಬಣ್ಣ ಇಳಿದು ಬಟ್ಟೆಯ ಮೇಲೆ ನಿಲ್ಲುತ್ತಿತ್ತು. ಹಾಳೆ ಎತ್ತಿ ಪಕ್ಕಕ್ಕಿಟ್ಟು ಮತ್ತೆ ಒತ್ತುವಾಗ ಅಮ್ಮ ಉಸಿರು ಬಿಗಿಹಿಡಿಯುತ್ತಿದ್ದಳು. ಸೇರಿದ ಜಾಗ ಕಂಡರೆ ಅದು ಅವಳಿಗೆ ಮಾಸಿಯೇ ಅಲ್ಲ. ಅಂಥದ್ದನ್ನು ಕೋಳಿಗೂಡಿಗೆ ಹೊದಿಸುತ್ತಿದ್ದಳು. ಈಗ ದ್ವೀಪದಲ್ಲಿ ಹೊಸ ಇಗರ್ಜಿ ಎದ್ದಿತ್ತು. ಸುತ್ತಲಿನ ದ್ವೀಪಗಳಿಗೆಲ್ಲ ಕರೆಯೋಲೆ ಹೋಗಬೇಕಿತ್ತು. ಇಗರ್ಜಿಯ ಹೆಂಗಸರು ಅಮ್ಮನ ನಕ್ಷೆಯನ್ನೇ ಲಕೋಟೆಯ ತುಂಬ ಹಾಕಿಸಬೇಕೆಂದು ಸುವಾಕ್ಕೆ ಬರೆದಿದ್ದರು. ನಾಡಿದ್ದು ಹಡಗು. ಅದು ತಪ್ಪಿದರೆ ಇನ್ನೊಂದು ತಿಂಗಳು ಆ ಕಡೆ ಯಾವ ಹಡಗೂ ಇಲ್ಲ, ಅಷ್ಟರಲ್ಲಿ ಇಗರ್ಜಿ ತೆರೆದಾಗಿರುತ್ತದೆ. ಲಕೋಟೆಯನ್ನು ಅಮ್ಮ ಕೈಗೆ ತೆಗೆದುಕೊಂಡರೆ ಮೊದಲು ಎಲ್ಲಿ ನೋಡುತ್ತಾಳೆಂದು ಜೋಸತೆಕಿಗೆ ಗೊತ್ತಿತ್ತು. ವಿಳಾಸವನ್ನಲ್ಲ. ಮಗುಚಿ, ಬೆನ್ನು ನೋಡುತ್ತಾಳೆ.

ಅಷ್ಟರಲ್ಲಿ ಇನ್ನೆರಡು ಕಟ್ಟುಗಳನ್ನು ಅವನು ಕತ್ತರಿಸಿದ್ದ. ಕೆಲಸ ಕೈಗೆ ಗೊತ್ತಿತ್ತು. ರಾಶಿಯಿಂದ ಒಂದು ಹಿಡಿ ದಪ್ಪದ ಹಾಳೆಗಳನ್ನು ಎತ್ತಿ, ಗಾಳಿ ಹೋಗುವಂತೆ ಬಗ್ಗಿಸಿ, ಮೇಜಿನ ಎಡಮೂಲೆಯ ಕಬ್ಬಿಣದ ಪಟ್ಟಿಗೆ ತಟ್ಟಿ ತಟ್ಟಿ ಸಮ ಮಾಡಬೇಕು. ಮೇಲಿನ ಹಾಳೆಯ ಗುರುತು ನೋಡಿಕೊಂಡು, ಬಿಚ್ಚಿದ ಲಕೋಟೆಯ ಆಕಾರದ ಎತ್ತರದ, ತಳ ಹರಿತವಾದ ಉಕ್ಕಿನ ಡೈಯನ್ನು ಅದರ ಮೇಲಿಡಬೇಕು. ಸನ್ನೆ ಒತ್ತಿದರೆ ಮೇಲಿನ ತೂಕ ಇಳಿದು, ಡೈ ಕಟ್ಟಿನ ತಳದವರೆಗೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಆ ಕ್ಷಣ ಅವನಿಗೆ ಯಾವತ್ತೂ ಇಷ್ಟ. ಇವತ್ತು ಮಾತ್ರ ಯಾಕೋ ಎರಡನೆಯದೊಂದು ಲಕೋಟೆ ಮಡಿಸಬೇಕೆನಿಸಿತು. ಪರೀಕ್ಷೆಗಲ್ಲ, ಆ ಸಂತೋಷಕ್ಕೆ. ಮೇಲಿನದನ್ನು ಬಿಟ್ಟು ಕಟ್ಟಿನ ನಡುವಿನಿಂದ ಒಂದನ್ನು ಎಳೆದು ಮಡಿಸಿದ. ಮಗುಚಿದ.

ಕೂಡಿರಲಿಲ್ಲ.

ಬಲದ ಕಿವಿಯ ತ್ರಿಕೋನಗಳು ಎಡದವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿದ್ದವು. ನಕ್ಷತ್ರ ಒಡೆದು ಎರಡು ಹಲ್ಲುಸಾಲುಗಳಾಗಿತ್ತು. ತಾನೇ ಸರಿಯಾಗಿ ಮಡಿಸಿಲ್ಲವೆಂದುಕೊಂಡು ಬಿಚ್ಚಿ ಮತ್ತೆ ಮಡಿಸಿದ. ಇನ್ನೊಂದು ತೆಗೆದ, ಅದು ಕೂಡಿತು. ಮತ್ತೊಂದು, ಕೂಡಲಿಲ್ಲ, ಈ ಸಲ ಇನ್ನೊಂದು ಕಡೆಗೆ. ತಳದ್ದು ಕೂಡಿತು, ಅದರ ಮೇಲಿನದು ಕೂಡಲಿಲ್ಲ. ತಪ್ಪಿಗೊಂದು ಕ್ರಮವಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಡೈ ವಾಲಿದರೆ ತಳಕ್ಕೆ ಹೋದಷ್ಟೂ ತಪ್ಪು ಬೆಳೆಯುತ್ತದೆ. ಅದು ಅವನಿಗೆ ಗೊತ್ತಿರುವ ತಪ್ಪು. ಇದು ಹಾಗಿರಲಿಲ್ಲ. ಒಂದೊಂದು ಹಾಳೆಯೂ ತನ್ನದೇ ಬೇರೆ ಜಾಗದಲ್ಲಿತ್ತು. ಹೊರಗಿನಿಂದ ನೋಡಿದರೆ ಕಟ್ಟು ಕಲ್ಲಿನ ಹಾಗೆ ಒಂದೇ ಸಮ, ಬದಿಯಲ್ಲಿ ಕೈ ಆಡಿಸಿದರೆ ಗಾಜಿನಂತೆ ನುಣುಪು. ಒಳಗೆ ಒಂದಕ್ಕೂ ಒಂದಕ್ಕೂ ಹೊಂದಾಣಿಕೆ ಇಲ್ಲ. ಭಾನುವಾರ ಬಿಳಿ ಅಂಗಿ ತೊಟ್ಟು ಸಾಲಾಗಿ ಕೂತ ತನ್ನ ಕುಟುಂಬದ ಹಾಗೆ ಎಂದು ಥಟ್ಟನೆ ಅನಿಸಿತು. ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಿ ಅವನು ಮೂರೂ ಕಟ್ಟುಗಳನ್ನು ಮೇಜಿನ ಕೆಳಗೆ ತಳ್ಳಿದ.

ಆಮೇಲೆ ರಾಶಿಯ ಕಡೆ ನೋಡಿದ. ಅದರ ಬದಿಯಲ್ಲಿ, ಅರ್ಧದ ಎತ್ತರದಲ್ಲಿ, ಹಾಳೆಗಳ ನಡುವೆ ಸಿಕ್ಕಿಸಿದ ಹಳದಿ ಕಾಗದದ ಪಟ್ಟಿಯೊಂದು ನಾಲಿಗೆಯಂತೆ ಹೊರಗೆ ಚಾಚಿತ್ತು. ಬೆಳಿಗ್ಗೆಯೂ ಅದನ್ನು ನೋಡಿದ್ದ. ಬೆಳಿಗ್ಗೆ ಅದರ ಬಗ್ಗೆ ಅಪೆನಿಸಾ ಏನೋ ಹೇಳಿದ್ದ.

ಅಪೆನಿಸಾ ಲಕೋಟೆ ಮಡಿಸಿ ಅಂಟಿಸುವ ಯಂತ್ರದವನು, ಕೆಲೆರಾಳ ಗಂಡ. ಭಾವಂದಿರು ಒಬ್ಬರನ್ನೊಬ್ಬರು ಛೇಡಿಸುವುದು ಆ ಸಂಬಂಧದ ಹಕ್ಕು, ಕರ್ತವ್ಯ ಕೂಡ; ತವಾಲೆ, ಅಂದರೆ ಭಾವ, ಎಂದು ಕರೆದ ಮೇಲೆ ಮುಂದಿನ ಮಾತು ನೇರ ಇರಬಾರದು. ಅಣ್ಣ ತಂಗಿ ಮಾತ್ರ ಹಾಗಲ್ಲ. ದ್ವೀಪದ ರೂಢಿಯಂತೆ ಬೆಳೆದ ಮೇಲೆ ಅವರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ. ಆದ್ದರಿಂದ ಈ ಕಾರ್ಖಾನೆಯಲ್ಲಿ ಮುದ್ರಣದ ಕೋಣೆಯಿಂದ ಕತ್ತರಿಸುವ ಮೇಜಿಗೆ ಬರಬೇಕಾದ ಮಾತೆಲ್ಲ ಅಪೆನಿಸಾನ ಬಾಯಲ್ಲೇ ಬರುತ್ತಿತ್ತು. ಇವತ್ತು ಬೆಳಿಗ್ಗೆ ಅವನು ಚಹಾದ ಲೋಟ ಹಿಡಿದು ಬಂದು, ರಾಶಿಗೆ ಒರಗಿಕೊಂಡು ಹೇಳಿದ್ದು ಜೋಸತೆಕಿಗೆ ಈಗ ಪೂರ್ತಿ ಕೇಳಿಸಿತು.

"ತವಾಲೆ, ನಿಂಗೊಂದು ಅಪ್ಪಣೆ ಬಂದಿದೆ. ಹಳದಿ ಪಟ್ಟಿಯಿಂದ ಮೇಲೆ ಎಲ್ಲಾ ಬಲಗಡೆಯಂತೆ. ನಾನಂದೆ, ಆ ಎಡಬಿಡಂಗಿಗೆ ಬಲಗಡೆ ಯಾವ್ದು ಅಂತ ಮೊದ್ಲು ಗೊತ್ತಾಗ್ಬೇಕಲ್ಲ. ಊಟ ಮಾಡೋ ಕೈ ತವಾಲೆ, ಊಟ ಮಾಡೋ ಕೈ. ನೀನು ಎರಡೂ ಕೈಲಿ ತಿಂತೀಯ, ಅದೇ ಕಷ್ಟ."

ಅವನು ನಕ್ಕಿದ್ದ. ನಗದಿದ್ದರೆ ಸೋತಂತೆ. "ಹೋಗೋ, ನಿನ್ನ ಯಂತ್ರಕ್ಕೆ ಅಂಟು ಕುಡಿಸು, ನಿನ್ನ ಬಾಯಿಗೂ ಸ್ವಲ್ಪ ಹಾಕ್ಕೋ" ಎಂದಿದ್ದ. ಅಲ್ಲಿಗೆ ಮುಗಿದಿತ್ತು. ಮುಗಿಯದೆ ಏನು ಮಾಡಬೇಕಿತ್ತು? ಹೋದ ತಿಂಗಳು ಇದೇ ಅಪೆನಿಸಾ ಇದೇ ಮುಖ ಇಟ್ಟುಕೊಂಡು, ನಾಳೆ ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಾರೆ, ಹಳೇ ಕೆಲಸಗಾರರು ಟೈ ಕಟ್ಟಿಕೊಂಡು ಬರಬೇಕಂತೆ ಎಂದಿದ್ದ. ಜೋಸತೆಕಿ ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು, ಇಗರ್ಜಿಯ ಟೈ ಕಟ್ಟಿಕೊಂಡು ಬಸ್ಸಿನಲ್ಲಿ ನಿಂತು ಬಂದಿದ್ದ. ಬಾಗಿಲಲ್ಲಿ ಎಲ್ಲರೂ ಕಾದಿದ್ದರು, ಚಪ್ಪಾಳೆ ತಟ್ಟಿದ್ದರು. ಅವನೂ ನಕ್ಕಿದ್ದ, ಇಡೀ ದಿನ ಆ ಟೈಯಲ್ಲೇ ಕೆಲಸ ಮಾಡಿದ್ದ, ಬಿಚ್ಚಿದರೆ ನೊಂದನೆಂದು ಗೊತ್ತಾಗುತ್ತದೆಂದು. ಕುತ್ತಿಗೆಯ ಸುತ್ತ ಬೆವರು ಕಡಿಯುತ್ತಿತ್ತು. ಅವತ್ತು ಮೇಸ್ತ್ರಿ ಬಿಸುನ್ ಬಂದು, ಯಂತ್ರಗಳು ನಿಂತಿರುವುದನ್ನು ನೋಡಿ, ಅಪೆನಿಸಾನಿಗೆ ಎಲ್ಲರೆದುರು ಹೇಳಿದ್ದ: "ಕೆಲಸದ ವಿಷಯದಲ್ಲಿ ಇನ್ನೊಂದು ತಮಾಷೆ ಮಾಡಿದ್ರೆ, ಉಳಿದ ತಮಾಷೆ ಮನೇಲಿ ಮಾಡ್ಕೊಂಡು ಕೂತ್ಕೋ." ಅಂಥ ತಿಂಗಳಿನ ಮೇಲೆ ಅಪೆನಿಸಾನ ಬಾಯಿಂದ ಬಂದ ಬಲಗಡೆ ಎಂಬ ಮಾತನ್ನು ಯಾರು ನಂಬುತ್ತಾರೆ? ಎಷ್ಟೋ ವರ್ಷಗಳಿಂದ ಕೆಲೆರಾಳ ರಾಶಿಗಳೆಲ್ಲ ಎಡಗಡೆಯವು. ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಅದು ಖಾತ್ರಿ.

ಆದರೂ ಅವನು ಹೊಸ ಕಟ್ಟೊಂದನ್ನು ಎತ್ತಿ ಈ ಸಲ ಬಲಮೂಲೆಗೆ ತಟ್ಟಿದ. ಕೈಗೆ ಅದು ಒಗ್ಗಲಿಲ್ಲ, ಚಪ್ಪಲಿ ಅದಲುಬದಲು ಹಾಕಿಕೊಂಡ ಹಾಗೆ. ಬಲದ ಅಂಚು ಸಮವಾದಾಗ ಎಡದ ಅಂಚು ತಾನಾಗಿ ಒಡೆದು ಒರಟಾಯಿತು; ಉದ್ದದವು ಮುಂದೆ, ಗಿಡ್ಡನೆಯವು ಹಿಂದೆ. ಸುವಾದ ಗಾಳಿಯಲ್ಲಿ ಕಾಗದ ನೀರು ಕುಡಿದು ಹಿಗ್ಗುತ್ತದೆ. ಗಿರಣಿಯಿಂದ ಬರುವಾಗಲೇ ಎರಡು ಹಾಳೆ ಒಂದೇ ಅಳತೆಗೆ ಇರುವುದಿಲ್ಲ. ಇದು ಅವನಿಗೆ ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ಅದು ಎಂದೂ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಹಾಳೆ ಅಚ್ಚಾಗುವಾಗ ಯಾವ ಬದಿಯ ತಡೆಗೆ ತಾಗಿ ನಿಂತಿತ್ತೋ ಅದೇ ಬದಿಗೆ ಅವನೂ ತಟ್ಟುತ್ತಿದ್ದ. ಆ ಒಂದು ಅಂಚಿನಿಂದ ಅಳೆದರೆ ಪ್ರತಿಯೊಂದು ಹಾಳೆಯಲ್ಲೂ ಚಿತ್ರ ಒಂದೇ ಜಾಗದಲ್ಲಿರುತ್ತದೆ. ಇನ್ನೊಂದು ಅಂಚಿನಿಂದ ಅಳೆದರೆ ಯಾವುದೂ ಎಲ್ಲೂ ಇರುವುದಿಲ್ಲ. ಕತ್ತರಿಸಿದ. ಮೇಲಿನದು, ನಡುವಿನದು, ತಳದ್ದು, ಕಣ್ಣು ಮುಚ್ಚಿ ಎಳೆದದ್ದು, ಮಡಿಸಿದಷ್ಟೂ ಕೂಡಿದವು. ಒಂದಾದ ಮೇಲೊಂದು ನಕ್ಷತ್ರ ಮೇಜಿನ ಮೇಲೆ ಬಿದ್ದವು. ಹೆದರಿಕೆಯ ನಡುವೆಯೇ ಅವನ ಮೈ ಜುಮ್ಮೆಂದಿತು. ಮುದ್ರಣ ಯಂತ್ರದ ಎಡದ ತಡೆ ಕೆಟ್ಟಿರಬೇಕು. ಅರ್ಧ ಅಚ್ಚಾದ ಮೇಲೆ ಕೆಟ್ಟಿರಬೇಕು. ಅವಳು ಕೆಲಸ ನಿಲ್ಲಿಸದೆ ಬಲದ ತಡೆಗೆ ಬದಲಾಯಿಸಿ, ಅಲ್ಲಿಗೊಂದು ಹಳದಿ ಪಟ್ಟಿ ಇಟ್ಟು, ಅಷ್ಟೂ ಹಾಳೆಗಳನ್ನು ಕಣ್ಣಿಗೆ ಕಾಣದ ಒಂದೇ ಗೆರೆಗೆ ನಿಲ್ಲಿಸಿ ಕಳಿಸಿದ್ದಳು. ತಾನು ಆ ಗೆರೆಯನ್ನು ಮೂರು ಕಟ್ಟುಗಳಲ್ಲಿ ಒಡೆದುಹಾಕಿದ್ದ.

ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಬೇಡಿಕೆಗಿಂತ ಹೆಚ್ಚಾಗಿ ಅವಳು ಅಚ್ಚುಹಾಕಿರುವುದು ಒಂದು ಕಟ್ಟಿನಷ್ಟು ಇರಬಹುದು. ಅಪೆನಿಸಾ ಬೆಳಿಗ್ಗೆಯೇ ವ್ಯಾನಿನಲ್ಲಿ ನೌಸೋರಿಗೆ ಹೋಗಿದ್ದ, ತನ್ನ ಯಂತ್ರಕ್ಕೆ ಬೆಲ್ಟ್ ತರಲು. ಆ ಕಡೆಯ ಸೇತುವೆಯಲ್ಲಿ ವಾಹನಗಳು ನಿಂತರೆ ನಿಂತವೇ. ಅಲ್ಲಿಯವರೆಗೆ ಕೆಲೆರಾಗೆ ಮಾತು ಮುಟ್ಟಿಸುವ ಬಾಯಿ ಇಲ್ಲ.

"ಏನ್ ಜೋ, ಯಂತ್ರ ನಿಂತಿದೆ?"

ಬಿಸುನ್ ಹಿಂದೆಯೇ ಬಂದು ನಿಂತಿದ್ದ. ಜೋಸತೆಕಿ ಒಡೆದ ಲಕೋಟೆಯೊಂದರ ಮೇಲೆ ಅಂಗೈ ಊರಿದ.

"ಡೈ ಒರೆಸ್ತಿದ್ದೆ ಬಿಸುನ್ ಭಯ್ಯಾ."

"ಒರೆಸು, ಒರೆಸು. ಚೆನ್ನಾಗಿ ಬರ್ತಿದೆ ತಾನೆ?" ಬಿಸುನ್ ಕೂಡಿದ ಲಕೋಟೆಯೊಂದನ್ನು ಎತ್ತಿಕೊಂಡು ಮಗುಚಿ ನೋಡಿದ. ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದ. "ನಿನ್ ತಂಗಿದು ಬರೀ ಕೈಯಲ್ಲಪ್ಪ, ಮಾಯೆ" ಎಂದ. "ಹೇಳ್ಬಿಡು ಅವಳಿಗೆ, ಬಿಸುನ್ ಹಂಗಂದ ಅಂತ. ಓ, ಮರ್ತೆ, ನೀನು ಹೇಳೋ ಹಾಗಿಲ್ಲ. ನಮ್ಮಲ್ಲಿ ಅಣ್ಣತಂಗಿ ಕೈಗೆ ರಾಖಿ ಕಟ್ತಾರೆ, ನಿಮ್ಮಲ್ಲಿ ಬಾಯಿಗೇ ಕಟ್ಬಿಡ್ತಾರೆ."

ಎಂದಿನ ಹಾಗೆ ಜೋಸತೆಕಿ ನಕ್ಕ. ಅಂಗೈ ಕೆಳಗಿನ ಕಾಗದ ಬೆವರಿಗೆ ಮೆತ್ತಗಾಗುತ್ತಿತ್ತು.

"ಗಂಡಹೆಂಡ್ತಿ ಮಾತಾಡ್ದಿದ್ರೆ ನಂಗರ್ಥ ಆಗುತ್ತೆ" ಎಂದು ಬಿಸುನ್ ತನ್ನ ಗಾಜಿನ ಕೋಣೆಯ ಕಡೆ ತಿರುಗಿದ. "ಅಲ್ಲಿ ರೋಲರ್ ತೊಳೆಯೋಕೆ ಹೇಳಿದೀನಿ. ನಾಳೆ ಬಿಸ್ಕೆಟ್ ಕಂಪನಿಯ ನೀಲಿ ಹಾಕ್ಬೇಕು, ಈ ಕಂದು ಒಂದು ಹನಿ ಉಳಿದ್ರೂ ನೀಲಿ ಕೆಸರಾಗುತ್ತೆ."

ಹೇಳುವಷ್ಟರಲ್ಲೇ ವಾಸನೆ ಬಂತು. ರೋಲರ್ ತೊಳೆಯುವ ಎಣ್ಣೆಯ, ಮೂಗಿನ ತುದಿ ತಣ್ಣಗಾಗಿಸುವ ವಾಸನೆ. ಇನ್ನೂ ಡಬ್ಬಿ ತೆರೆದದ್ದು ಅಷ್ಟೆ, ಸುರಿದಿರಲಿಕ್ಕಿಲ್ಲ. ಆ ಕಂದು ಡಬ್ಬಿಯಲ್ಲಿ ಸಿಗುವ ಬಣ್ಣವಲ್ಲ. ನಿನ್ನೆ ಇಡೀ ಬೆಳಿಗ್ಗೆ ಅವಳು ಗಾಜಿನ ಹಲಗೆಯ ಮೇಲೆ ಕೆಂಪು, ಕಪ್ಪು, ಹಳದಿಯನ್ನು ಚಾಕುವಿನಿಂದ ಕಲಸಿ, ದ್ವೀಪದಿಂದ ಬಂದ ಮಾಸಿಯ ತುಂಡಿನ ಪಕ್ಕದಲ್ಲಿ ಹಚ್ಚಿ ಹಚ್ಚಿ ನೋಡುತ್ತಿದ್ದಳೆಂದು ಅಪೆನಿಸಾ ಹೇಳಿದ್ದ. ಅದರಲ್ಲೂ ಏನೋ ತಮಾಷೆ ಸೇರಿಸಿದ್ದ. ಒಮ್ಮೆ ತೊಳೆದರೆ ಆ ಕಂದು ಚಿಂದಿಬಟ್ಟೆಗೆ ಹೋಗುತ್ತದೆ. ಮತ್ತೆ ಕಲಸಿದರೆ ಇನ್ನೊಂದು ಕಂದು ಬರುತ್ತದೆ. ಗಾಜಿನ ಕೋಣೆ ಹತ್ತು ಹೆಜ್ಜೆಯಲ್ಲಿತ್ತು. ಬಿಸುನ್‌ಗೆ ಒಂದು ಮಾತು ಹೇಳಿದರೆ ಅವನು ಅಲ್ಲಿಂದಲೇ ಕೂಗಿ ನಿಲ್ಲಿಸುತ್ತಾನೆ. ಆಮೇಲೆ ಯಾಕೆ ಎಂದು ಕೇಳುತ್ತಾನೆ. ಬಲಗಡೆಯ ಮಾತನ್ನು ಯಾರು ಹೇಳಿದರು, ಹೇಗೆ ಹೇಳಿದರು ಎಂದು ಕೇಳುತ್ತಾನೆ. ಸಂಜೆಗೆ ಅಪೆನಿಸಾನ ಕೆಲಸ ಹೋಗಿರುತ್ತದೆ. ಅವನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಅವರು ಕೆಲೆರಾಳ ಮಕ್ಕಳು. ಹೇಳದಿದ್ದರೆ ಒಡೆದ ನಕ್ಷತ್ರಗಳನ್ನೂ ಕೂಡಿಸಿ ಲೆಕ್ಕ ತುಂಬಿಸಿ ಕಳಿಸಬಹುದು. ಯಾರು ಮಗುಚಿ ನೋಡುತ್ತಾರೆ? ಕರೆಯೋಲೆ ಬಂದವರು ಹರಿದು ಒಳಗಿನದನ್ನು ಓದುತ್ತಾರೆ. ಯೋಚನೆ ಬಂದಷ್ಟೇ ಬೇಗ ಅವನಿಗೆ ಅಮ್ಮನ ಕೋಳಿಗೂಡು ಕಂಡಿತು.

ಅವನು ಒಡೆದ ಲಕೋಟೆಯನ್ನು ಕೈಯಲ್ಲಿ ಹಿಡಿದು ಮುದ್ರಣದ ಕೋಣೆಯ ಬಾಗಿಲಿಗೆ ಬಂದ. ಅವಳೊಬ್ಬಳೇ ಇದ್ದಾಗ ಆ ಹೊಸ್ತಿಲಿಗೆ ಬಂದವನಲ್ಲ. ಅವಳು ಬೆನ್ನು ಹಾಕಿ ನಿಂತಿದ್ದಳು, ತಲೆಗೆ ಬಿಗಿದ ಬಟ್ಟೆ, ಮೊಣಕೈವರೆಗೆ ಮಡಿಸಿದ ತೋಳು, ಬಲಗೈಯಲ್ಲಿ ಎಣ್ಣೆಯ ಡಬ್ಬಿ. ರೋಲರುಗಳು ನಿಧಾನಕ್ಕೆ ತಿರುಗುತ್ತಿದ್ದವು; ಅವುಗಳ ಮೇಲೆ ಅಮ್ಮನ ಕೆಮ್ಮಣ್ಣು ಹಸಿಯಾಗಿ ಹೊಳೆಯುತ್ತಿತ್ತು. ಚಿಕ್ಕಂದಿನಲ್ಲಿ ಇಬ್ಬರೂ ಕೊನೆಯ ಸಲ ಮಾತಾಡಿದ ದಿನ ಕಣ್ಣಮುಂದೆ ಬಂತು. ಮೋದೆಯ ಬಂಡೆಸಾಲಿನ ಮೇಲೆ, ನೀರು ಇಳಿದ ಹೊತ್ತಿನಲ್ಲಿ, ಅವಳು ಮುಂದೆ ಅವನು ಹಿಂದೆ. ಅವಳಿಗೆ ಆಕ್ಟೋಪಸ್ಸಿನ ಬಿಲ ಹುಡುಕುವ ಕಣ್ಣು, ಅವನಿಗೆ ಅದನ್ನು ಎಳೆಯುವ ಕೈ. ಅಲ್ಲಿ, ಅಲ್ಲಿ, ಅಲ್ಲ ಕಣೋ ಕತ್ತೆ, ಕಲ್ಲಿನ ಕೆಳಗೆ, ಎಂದು ಅವಳು ಬಾಯಿ ಮುಚ್ಚದೆ ಮಾತಾಡುತ್ತಿದ್ದಳು. ಮನೆಗೆ ಬಂದಾಗ ಅಮ್ಮ ಚಾಪೆಯ ಮೇಲೆ ಕೂತಿದ್ದಳು. ಇನ್ನು ಸಾಕು ಎಂದಳು, ಕೋಪವಿಲ್ಲದೆ, ಮಳೆ ಬಂತು ಒಳಗೆ ಬನ್ನಿ ಎನ್ನುವ ಹಾಗೆ. ಯಾಕೆ ಎಂದು ಕೇಳಿದವನು ಅವನು. "ಇವತ್ತಿಂದ ಅವಳು ನಿನ್ನ ಗೌರವ. ಗೌರವದ ಜೊತೆ ಹರಟೆ ಹೊಡೀತಾರಾ?" ಅವತ್ತು ಅವನಿಗೆ ತನ್ನಿಂದ ಏನನ್ನೋ ಕಸಿದುಕೊಂಡರೆಂದು ಅನಿಸಿತ್ತು. ವರ್ಷಗಳು ಹೋದ ಮೇಲೆ, ಸುವಾದ ಬಸ್ಸುಗಳಲ್ಲಿ ಅಣ್ಣತಂಗಿಯರು ಎರಡು ನಿಲ್ದಾಣದೊಳಗೆ ಜಗಳಾಡುವುದನ್ನು ಕೇಳುತ್ತ, ಕಸಿದುಕೊಂಡದ್ದಲ್ಲ, ಎತ್ತಿಟ್ಟದ್ದು ಎಂದು ಅನಿಸಲು ಶುರುವಾಗಿತ್ತು. ಅಷ್ಟು ದಿನ ಎತ್ತಿಟ್ಟದ್ದನ್ನು ಈಗ ಏನಕ್ಕೆ ಮುರಿಯುವುದು? ಕಾಗದಕ್ಕೆ?

ಅವಳು ಡಬ್ಬಿ ಬಗ್ಗಿಸಿದಳು.

"ತೊಳೀಬೇಡಿ" ಎಂದ.

ತನ್ನ ದನಿ ತನಗೇ ಬೇರೆಯವನದೆಂಬಂತೆ ಕೇಳಿಸಿತು. ಚಿಕ್ಕಂದಿನಲ್ಲಿ ನೀನು ಎಂದವಳಿಗೆ ಬಹುವಚನ ತಾನಾಗಿ ಬಂದಿತ್ತು. ಅವಳ ಕೈ ಹಾಗೇ ನಿಂತಿತು. ಡಬ್ಬಿಯ ಬಾಯಲ್ಲಿ ಎಣ್ಣೆಯ ಒಂದು ಹನಿ ದಪ್ಪವಾಗಿ ತೂಗಿ, ಬೀಳದೆ, ಹಿಂದಕ್ಕೆ ಹೋಯಿತು. ಅವಳು ಡಬ್ಬಿಯನ್ನು ನೆಲಕ್ಕಿಟ್ಟಳು. ತಿರುಗಲಿಲ್ಲ. ರೋಲರುಗಳು ತಿರುಗುತ್ತಲೇ ಇದ್ದವು. ಅವಳು ಮಾತಾಡದೆ ಇದ್ದರೆ ತಪ್ಪೆಲ್ಲ ತನ್ನೊಬ್ಬನದೇ ಆಗಿ ಉಳಿಯುತ್ತದೆ, ಅವಳ ಕಡೆಯ ಗೌರವ ಉಳಿಯುತ್ತದೆ. ಅವಳು ಮಾತಾಡದಿರಲಿ ಎಂದು ಅವನು ಬೇಡಿಕೊಂಡ. ಮಾತಾಡಲಿ ಎಂದೂ ಬೇಡಿಕೊಂಡ.

"ಎಷ್ಟು ಕಟ್ಟು?" ಎಂದಳು ಅವಳು, ಯಂತ್ರಕ್ಕೆ.

"ಮೂರು."

"ಎಡಕ್ಕೆ ತಟ್ಟಿದ್ರಾ?"

"ಹೂಂ."

"ಇವ್ರು ಹೇಳ್ಲಿಲ್ವಾ?"

"ಹೇಳ್ದ. ನಾನು ತಮಾಷೆ ಅನ್ಕೊಂಡೆ."

ಅವಳ ಭುಜಗಳು ಒಮ್ಮೆ ಅಲುಗಿದವು. ನಕ್ಕಳೋ ಏನೋ, ಬೆನ್ನಿನಿಂದ ಹೇಳಲಾಗುವುದಿಲ್ಲ. "ಬಿಳಿ ಕಾಗದ ಮೂಲೇಲಿದೆ" ಎಂದಳು. "ಪ್ಲಾಸ್ಟಿಕ್ ಬಿಚ್ಚಿ. ಗಾಳಿ ಹಾಕ್ಕೊಡಿ. ಒಂದಕ್ಕೊಂದು ಅಂಟ್ಕೊಂಡಿದೆ ಇವತ್ತು." ಹೇಳಲು ಉಳಿದಿರಲಿಲ್ಲ ಎಂದಲ್ಲ, ಬೇಕಿದ್ದಷ್ಟು ಹೇಳಿಯಾಗಿತ್ತು. ಅದಕ್ಕಿಂತ ಒಂದು ಮಾತು ಹೆಚ್ಚಾಡಿದರೂ ಅದು ಹರಟೆಯಾಗುತ್ತಿತ್ತು.

ಅವನು ಬಿಳಿ ಹಾಳೆಗಳನ್ನು ಹೊತ್ತು ತಂದು, ಮೂಲೆ ಹಿಡಿದು ಬಗ್ಗಿಸಿ, ನಡುವೆ ಗಾಳಿ ಬಿಟ್ಟು, ಬಲಗಡೆಗೆ ಸಮ ಮಾಡಿ ಯಂತ್ರದ ಬಾಯಿಗೆ ಜೋಡಿಸಿದ. ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಗೌರವಕ್ಕೆ, ಅವಳ ತಲೆಯ ಮಟ್ಟಕ್ಕಿಂತ ಮೇಲೆ ಕೈ ಹೋಗದಂತೆ ಅವನು ಬಗ್ಗಿಯೇ ಕೆಲಸ ಮಾಡಿದ. ಗುಂಡಿ ಒತ್ತಿದಳು. ಇಷ್ಟು ವರ್ಷ ಅದೇ ಗೋಡೆಯ ಆಚೆಗೆ ನಿಂತು ಈ ಸದ್ದನ್ನು ಕೇಳಿದ್ದನೇ ಹೊರತು ನೋಡಿರಲಿಲ್ಲ. ಗಾಳಿಯ ಬಾಯಿಗಳು ಮೇಲಿನ ಒಂದೇ ಹಾಳೆಯನ್ನು ಚುಂಬಿಸಿದಂತೆ ಎತ್ತಿದವು. ಹಾಳೆ ಜಾರಿ ಮುಂದಿನ ತಡೆಗೆ ತಾಗಿ ನಿಂತಿತು, ಆಮೇಲೆ ಪಕ್ಕದ ತಡೆಯತ್ತ ಒಂದು ಕೂದಲೆಳೆಯಷ್ಟು ಸರಿಯಿತು. ಅಲ್ಲಿ, ಒಂದು ಕ್ಷಣಕ್ಕೂ ಕಡಿಮೆ ಹೊತ್ತು, ಅದು ಸಂಪೂರ್ಣ ನಿಶ್ಚಲವಾಗಿತ್ತು. ಅಷ್ಟು ಗದ್ದಲದ ನಡುವೆ ಅಂಥ ನಿಶ್ಚಲತೆ ಇರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಉಕ್ಕಿನ ಬೆರಳುಗಳು ಹಿಡಿದವು, ಹಾಳೆ ಕತ್ತಲೆಯೊಳಗೆ ಹೋಯಿತು, ಆ ತುದಿಯಲ್ಲಿ ಕೆಮ್ಮಣ್ಣಿನ ನಕ್ಷತ್ರಗಳನ್ನು ಹೊತ್ತು ಇಳಿಯಿತು. ಹಿಂದೆಯೇ ಇನ್ನೊಂದು. ಪ್ರತಿಯೊಂದೂ ಒಳಗೆ ಹೋಗುವ ಮುನ್ನ ಅದೇ ಜಾಗದಲ್ಲಿ ಅದೇ ರೀತಿ ನಿಂತು ಹೋಗುತ್ತಿತ್ತು, ಹೊಸ್ತಿಲಲ್ಲಿ ತಲೆ ಬಾಗಿಸಿ ಒಳಗೆ ಬರುವವರ ಹಾಗೆ. ಅಮ್ಮ ಉಸಿರು ಬಿಗಿಹಿಡಿಯುತ್ತಿದ್ದ ಆ ಗಳಿಗೆಯನ್ನೇ ಯಾರೋ ಕಬ್ಬಿಣದಲ್ಲಿ ಮಾಡಿಟ್ಟಿದ್ದರು. ತನ್ನ ಕಣ್ಣು ತುಂಬಿದ್ದು ತೊಳೆಯುವ ಎಣ್ಣೆಯ ವಾಸನೆಗೆಂದು ಅವನು ನಂಬಲು ನೋಡಿದ. ಕೆಲೆರಾ ಇಳಿಯುವ ತುದಿಯಲ್ಲಿ ನಿಂತು, ನಡುನಡುವೆ ಒಂದು ಹಾಳೆ ಎಳೆದು, ಬೆಳಕಿಗೆ ಓರೆ ಹಿಡಿದು, ಶಾಯಿಯ ತಿರುಪನ್ನು ಒಂದಿಷ್ಟು ಬಿಗಿಮಾಡಿ, ಮತ್ತೆ ನೋಡುತ್ತಿದ್ದಳು. ಆ ನೋಟದಲ್ಲಿ ಅವಳಿಗೆ ಅಣ್ಣ, ಗಂಡ, ಮೇಸ್ತ್ರಿ ಯಾರೂ ಇರಲಿಲ್ಲ.

ಗಾಜಿನ ಕೋಣೆಯಿಂದ ಬಿಸುನ್ ತಲೆ ಹೊರಹಾಕಿದ. "ಇನ್ನೂ ತೊಳೆದಿಲ್ವೇನಮ್ಮ?"

"ಸ್ವಲ್ಪ ಕಮ್ಮಿ ಬಿದ್ದಿತ್ತು" ಎಂದಳು ಕೆಲೆರಾ, ತಲೆ ಎತ್ತದೆ. "ಮುಗೀತು ಬಿಸುನ್ ಭಯ್ಯಾ."

"ಬೇಗ ಮುಗಿಸು. ನೀಲಿ ಕಾಯ್ತಿದೆ." ತಲೆ ಒಳಗೆ ಹೋಯಿತು.

ಯಂತ್ರ ನಿಂತಾಗ ಅವಳು ಇನ್ನೂ ಒದ್ದೆಯಿದ್ದ ಒಂದು ಹಾಳೆಯನ್ನು ಎಳೆದು, ಕತ್ತರಿಯಿಂದ ಒಂದು ಲಕೋಟೆಯನ್ನು ಗೆರೆಯ ಮೇಲೆ ಕತ್ತರಿಸಿ, ಬೆರಳಿಗೆ ಕಂದು ಹತ್ತುತ್ತಿದ್ದರೂ ಲೆಕ್ಕಿಸದೆ ಮಡಿಸಿದಳು. ಅವನ ಕೈಗೆ ಕೊಡಲಿಲ್ಲ. ಇಬ್ಬರ ನಡುವಿನ ಹಲಗೆಯ ಮೇಲೆ, ಬೆನ್ನು ಮೇಲಾಗಿಸಿ ಇಟ್ಟು ಸರಿದು ನಿಂತಳು. ಅವನು ಬಗ್ಗಿ ನೋಡಿದ. ಹೆಬ್ಬೆರಳಿನ ಗುರುತೊಂದು ಬಿದ್ದಿತ್ತು. ಅದರ ಸುತ್ತ, ಅದರ ಕೆಳಗೆ, ಎಲ್ಲೂ ಬಿರುಕಿಲ್ಲದೆ ನಕ್ಷತ್ರ ಕೂಡಿತ್ತು. ಎಷ್ಟು ಹೊತ್ತು ನೋಡಿದನೋ. ತಲೆ ಎತ್ತಿದಾಗ ಅವಳು ರೋಲರುಗಳಿಗೆ ಎಣ್ಣೆ ಸುರಿಯುತ್ತಿದ್ದಳು, ಕಂದು ಸಣ್ಣ ಸಣ್ಣ ಹೊಳೆಗಳಾಗಿ ಇಳಿದು ಬಟ್ಟೆಗೆ ಹೋಗುತ್ತಿತ್ತು.

ಅಪೆನಿಸಾ ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ತಲೆಯಿಂದ ನೀರು ಸುರಿಯುತ್ತಿತ್ತು, ಹೆಗಲಿಗೆ ಬೆಲ್ಟುಗಳು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿಯ ಪೊಟ್ಟಣಗಳು. ಬಾಗಿಲಿನಿಂದಲೇ ಕೂಗಿದ: "ತವಾಲೆ, ನೌಸೋರಿಯಲ್ಲಿ ನಿನ್ನ ಹಾಗೇ ಇರೋ ಒಂದು ಹಂದಿ ನೋಡ್ದೆ. ನಿನಗಿಂತ ಚೆನ್ನಾಗಿ ಟೈ ಕಟ್ಕೊಂಡಿತ್ತು." ಯಾರೂ ನಗದಿದ್ದಾಗ ಅವನು ನಿಂತ. ಮುದ್ರಣದ ಕೋಣೆಯ ಬಾಗಿಲಲ್ಲಿ ಕೆಲೆರಾ ಕೈ ಒರೆಸುತ್ತ ನಿಂತಿದ್ದಳು. ಅವಳಿಂದ ಎರಡು ಮಾರು ದೂರದಲ್ಲಿ ಜೋಸತೆಕಿ, ಹೊಸ ರಾಶಿಗೆ ತೇವ ತಾಗದಂತೆ ಪ್ಲಾಸ್ಟಿಕ್ ಹೊದಿಸುತ್ತಿದ್ದ. ಮೇಜಿನ ಕೆಳಗಿನ ಮೂರು ಕಟ್ಟುಗಳನ್ನು ಅವನು ರದ್ದಿಯ ಪೀಪಾಯಿಗೆ ಹಾಕಿದ್ದ. ಒಡೆದ ನಕ್ಷತ್ರಗಳು ಪೀಪಾಯಿಯ ಬಾಯಿವರೆಗೆ ತುಂಬಿದ್ದವು. ಅಪೆನಿಸಾ ಪೀಪಾಯಿಯನ್ನು ನೋಡಿದ, ಹೆಂಡತಿಯ ಕೈಯ ಕಂದನ್ನು ನೋಡಿದ, ಪಟ್ಟಿಯಿಲ್ಲದ ಹೊಸ ರಾಶಿಯನ್ನು ನೋಡಿದ. ಮುಖದ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದು, ಆಮೇಲೆ ಹೋಯಿತು.

ಕೆಲೆರಾ ಗಂಡನಿಗೆ ಹೇಳಿದಳು, ಮೆಲ್ಲಗೆ, ಆದರೆ ಎರಡು ಮಾರು ದೂರದಲ್ಲಿದ್ದವನಿಗೂ ಪೂರ್ತಿ ಕೇಳಿಸುವಂತೆ. "ಅವರಿಗೆ ಹೇಳು. ಈ ಹೊಸ ರಾಶಿ ಪೂರ್ತಿ ಬಲಗಡೆ. ಶಾಯಿ ಹಸಿ ಇದೆ, ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು. ಹಳೇ ರಾಶೀಲಿ ಪಟ್ಟಿಯಿಂದ ಕೆಳಗೆ ಎಡಗಡೆ."

ಜೋಸತೆಕಿ ಪ್ಲಾಸ್ಟಿಕ್ಕಿನ ಅಂಚು ಬಿಟ್ಟು ನೆಟ್ಟಗೆ ನಿಂತ. ಅಪೆನಿಸಾ ಅವನ ಎದುರಿಗೆ ಬಂದ. ರೊಟ್ಟಿಯ ಪೊಟ್ಟಣಗಳನ್ನು ಎದೆಗೆ ಅವುಚಿಕೊಂಡಿದ್ದ. "ತವಾಲೆ" ಎಂದ, ಅಭ್ಯಾಸಕ್ಕೆ. ಮುಂದೆ ಬರಬೇಕಾದ ತಮಾಷೆ ಬರಲಿಲ್ಲ. "ಈ ಹೊಸ ರಾಶಿ ಪೂರ್ತಿ ಬಲಗಡೆ. ಶಾಯಿ ಹಸಿ ಇದೆ, ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು. ಹಳೇದರಲ್ಲಿ ಪಟ್ಟಿಯಿಂದ ಕೆಳಗೆ ಎಡಗಡೆ."

ಜೋಸತೆಕಿ ಒಂದೊಂದು ಮಾತನ್ನೂ ಕೇಳಿಸಿಕೊಂಡ. ಬಾಗಿಲಲ್ಲಿ ಅವಳು ಇನ್ನೂ ನಿಂತಿದ್ದಳು, ಒರೆಸಿಯಾದ ಕೈಯನ್ನು ಮತ್ತೆ ಒರೆಸುತ್ತ.

"ಇನ್ನೊಂದ್ಸಲ ಹೇಳು" ಎಂದ.

ಅಪೆನಿಸಾ ಇನ್ನೊಂದು ಸಲ ಹೇಳಿದ.